ಕಡಲ ಬಂಡೆಯ ಹೆಸರುಗಳು

ಯುದ್ಧದ ಕಾಲ. ಹಡಗು ನಿಲ್ಲೋ ಕಟ್ಟೆ ಕಟ್ಟೋದಕ್ಕೆ ಕಲ್ಲು ಸೀಳಬೇಕು ಅಂತ ಮದ್ದೂರಿನಿಂದ ನನ್ನನ್ನೂ ನಮ್ಮ ಮಾವನನ್ನೂ ಪಡುವಣ ಕಡಲಿಗೆ ಕರೆಸಿದ್ದರು. ಮಾವ ಅಂದರೆ ನನ್ನ ಹೆಂಡತಿಯ ಅಪ್ಪ. ನನಗೆ ಉಳಿ ಹಿಡಿಯೋದು ಕಲಿಸಿದವರೂ ಅವರೇ. ಶಿಂಷಾ ಹೊಳೆ ಬಿಟ್ಟರೆ ಬೇರೆ ನೀರು ಕಂಡವರಲ್ಲ ನಾವು. ಆ ಕಡಲು ನೋಡಿ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕೊಲ್ಲಿಯೊಳಗೆ, ಗುಡ್ಡದ ಮರೆಯಲ್ಲಿ, ಪಾಚಿ ಮೆತ್ತಿದ ದೊಡ್ಡ ಬಂಡೆ. ಸಾಲಾಗಿ ಒಂಬತ್ತು ಕುಳಿ ಹೊಡೆದು, ಒಣಮರದ ಬೆಣೆ ಜಡಿದು, ಮೇಲೆ ನೀರು ಸುರಿದೆವು. ಬೆಣೆ ನೀರು ಕುಡಿದು ಉಬ್ಬಿದರೆ ಬಂಡೆ ತಾನಾಗಿ ಬಾಯಿ ಬಿಡುತ್ತದೆ. ನಮ್ಮ ಕಡೆ ಹಾಗೇ ಸೀಳೋದು. ಸುರಿದ ನೀರಿಗೆ ಮಣ್ಣು, ಪಾಚಿ ಕೊಚ್ಚಿಹೋಯಿತು ನೋಡಿ, ಅಡಿಯಲ್ಲಿ ಕಲ್ಲಲ್ಲಿ ಕೆತ್ತಿದ ಒಂದು ಹಡಗು! ಪಕ್ಕದಲ್ಲಿ ಸೂರ್ಯ, ಸುತ್ತ ಸಾಲು ಸಾಲು ಗೊತ್ತಿಲ್ಲದ ಅಕ್ಷರ.

ನಮ್ಮ ಹೊಲದ ಬದುವಿನಲ್ಲಿ ಇಂಥ ಸೂರ್ಯನಿದ್ದರೆ ಅದು ಯಾರಿಗೋ ಭೂಮಿ ದಾನ ಕೊಟ್ಟ ಕಲ್ಲು. ನಾನೊಬ್ಬ ಪೆದ್ದ, ಈ ಜಮೀನು ಯಾರದು ಅಂತ ಅಲ್ಲೇ ಬಲೆ ಹೆಣೆಯುತ್ತಿದ್ದ ಮುದುಕನನ್ನು ಕೇಳಿಬಿಟ್ಟೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೇಳಿದ: ಹಿಂದೆ ದೂರದೇಶದ ನಾವಿಕರು ಗಾಳಿ ತಿರುಗೋ ತನಕ ಈ ಮರೆಯಲ್ಲೇ ಕಾಯುತ್ತಿದ್ದರಂತೆ, ಹೊರಡುವ ಮುಂಚೆ ಹೆಸರು ಕೆತ್ತಿ ಹೋಗುತ್ತಿದ್ದರಂತೆ. ಕಡಲಲ್ಲಿ ಸತ್ತವರಿಗೆ ಗೋರಿಯಿಲ್ಲ, ಇದೇ ಅವರ ಗುರುತು ಅಂದ. ಎಷ್ಟು ವರ್ಷದ್ದು ಅನ್ನೋದು ಅವನ ತಾತನಿಗೂ ಗೊತ್ತಿರಲಿಲ್ಲವಂತೆ.

ಮಾವನಿಗೆ ಕನ್ನಡ ಅಕ್ಷರವೇ ಬಾರದು. ಆದರೂ ಕೈಯಾಡಿಸಿ ಓದಿದರು. ಇವನು ಎಡಗೈಯವನು ಅಂದರು. ಇವನು ಕಲ್ಲುಕುಟಿಗನಲ್ಲ, ಹಡಗಿನ ಮೊಳೆಯಲ್ಲಿ ಕುಟ್ಟಿದ್ದಾನೆ. ಇಲ್ಲಿ ಕೈಸೋತು ಬಿಟ್ಟು ಮಾರನೇ ದಿನ ಮುಂದುವರಿಸಿದ್ದಾನೆ. ನನಗೆ ಅವರೆಲ್ಲ ಈಗ ತಾನೇ ಎದ್ದು ಹೋದರೇನೋ ಅನ್ನಿಸಿತು.

ಅಷ್ಟರಲ್ಲಿ ಬಂಡೆಯೊಳಗೆ ಟಿಕ್ ಅಂದಿತು. ಬೆಣೆ ಉಬ್ಬುತ್ತಿತ್ತು. ಉಬ್ಬಿದ ಬೆಣೆ ಎಳೆದರೆ ಬರೋದಿಲ್ಲ. ಮಾವ ಉಳಿ ತಗೊಂಡು ಅದನ್ನು ಚೂರು ಚೂರಾಗಿ ಕೆತ್ತಿ ತೆಗೆಯತೊಡಗಿದರು. ನಾನು ಇನ್ನೊಂದು ತುದಿಯಿಂದ ಶುರುಮಾಡಿದೆ. ಮೇಸ್ತ್ರಿ ಬಂದು ಕೂಗಾಡಿದ, ಬಂಡೆ ಒಡೆಯದಿದ್ದರೆ ಊರಿಗೆ ನಡೀರಿ ಅಂದ. ನಡೀತೀವಿ ಅಂದೆವು, ಕೈ ಮಾತ್ರ ನಿಲ್ಲಿಸಲಿಲ್ಲ. ಒಂಬತ್ತೂ ಬಂದವು. ಬಂಡೆ ಉಳಿಯಿತು.

ನನಗೋ ಹಿಗ್ಗೋ ಹಿಗ್ಗು. ತಿರುಗಿ ನೋಡಿದರೆ ಮಾವ ನಡುವಿನ ಕುಳಿಯಲ್ಲಿ ಬೆರಳಿಟ್ಟು ಕೂತಿದ್ದರು. ಕುಳಿಯ ಈಚೆ ಒಂದು ಹೆಸರಿನ ಎರಡು ಅಕ್ಷರ, ಆಚೆ ಒಂದು. ನಡುವಿನದು ಕುಳಿ ಹೊಡೆಯುವಾಗಲೇ ನಮ್ಮ ಉಳಿಗೆ ಪುಡಿಯಾಗಿತ್ತು.

"ಇಷ್ಟು ವರ್ಸ ಕಡ್ಲೂ ಇವನ್ನ ಮುಟ್ಟಿರ್ನಿಲ್ಲ ಕಣಪ್ಪ," ಅಂದರು. "ನಾನು ಮುಳುಗಿಸ್ಬುಟ್ಟೆ."