ಕಷಾಯದ ಮಾವನ ಹದಿನಾಲ್ಕು ದಿನ

ಬೀದಿಯವರಿಗೆಲ್ಲ ಅವನು ಕಷಾಯದ ಮಾವ. ಅಪ್ಪನಿಂದ ಬಂದ ಬೇರು-ನಾರಿನ ಅಂಗಡಿ. ಗೋಡೆ ತುಂಬ ಮರದ ಖಾನೆಗಳು, ಮೂಲೆಯಲ್ಲೊಂದು ಕಬ್ಬಿಣದ ಕುಟ್ಟಾಣಿ. ಯಾವ ಖಾನೆಗೂ ಚೀಟಿ ಅಂಟಿಸಿರಲಿಲ್ಲ. ಎಳೆದು ಮೂಸಿ, ಒಳಗಿರುವುದು ಏನು, ಎಷ್ಟು ಹಳೆಯದು ಎಂದು ಹೇಳಿಬಿಡುತ್ತಿದ್ದ. ಹೊಸ ಪುಡಿ ಮಾಡಿದಾಗೆಲ್ಲ ಮೊದಲ ಲೋಟ ಕುಡಿಯುವವಳು ಅವನ ಅಕ್ಕ. ನಾಲ್ಕು ಬೀದಿ ಆಚೆ ಮಗಳ ಜೊತೆಗಿದ್ದು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. "ಸಂಜೆವರೆಗೆ ನಾನು ಬದುಕಿದ್ರೆ ಮಾರೋಕೆ ಶುರು ಮಾಡು," ಎಂದು ನಗುತ್ತಿದ್ದಳು.

ಸೋಂಕು ಹರಡಿದಾಗ ಅಂಗಡಿ ಮುಂದೆ ಸಾಲು ನಿಂತಿತು. ಆ ಸಾಲಿನಿಂದಲೇ ಇರಬೇಕು, ಅವನಿಗೂ ಅಂಟಿತು. ಪರೀಕ್ಷೆಯ ಫಲಿತಾಂಶ ಬಂದ ದಿನ ಹಾಸಿಗೆ, ತಟ್ಟೆ, ಲೋಟ ಎತ್ತಿಕೊಂಡು ಹದಿನಾಲ್ಕು ದಿನಕ್ಕೆಂದು ಮಹಡಿಯ ಕೋಣೆ ಸೇರಿದ. ಹೆಂಡತಿ ಬಿಸಿನೀರಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಕೆಳಗಿಳಿದ ಮೇಲೆ ಇವನು ಬಾಗಿಲು ತೆರೆಯಬೇಕು.

ಆರೋಗ್ಯ ಕೇಂದ್ರದ ನರ್ಸಮ್ಮ ದಿನಾ ಫೋನು ಮಾಡುತ್ತಿದ್ದಳು.

"ಏನೇನು ತಗೋತಿದೀರಿ?"

"ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸ್ತೀನಿ. ಹಬೆ. ಶುಂಠಿ, ಜ್ಯೇಷ್ಠಮಧು ಹಾಕಿದ ಕಷಾಯ. ಮಲಗೋವಾಗ ಒಂದು ಚಮಚ ಜೇನು."

"ತಗೊಳ್ಳಿ, ಗಂಟಲಿಗೆ ಹಾಯಾಗುತ್ತೆ. ಬಿಸಿನೀರು ಮೈಮೇಲೆ ಚೆಲ್ಕೋಬೇಡಿ. ಆದ್ರೆ ಬೆರಳಿಗೆ ಸಿಕ್ಕಿಸೋ ಆಕ್ಸಿಜನ್ ಯಂತ್ರ ತೊಂಬತ್ನಾಲ್ಕಕ್ಕಿಂತ ಕೆಳಗೆ ತೋರಿಸಿದ್ರೆ ಕಷಾಯ-ಗಿಷಾಯ ಪಕ್ಕಕ್ಕಿಟ್ಟು ನನಗೆ ಫೋನ್ ಮಾಡಬೇಕು. ಗೊತ್ತಾಯ್ತಾ?"

"ಗೊತ್ತಾಯ್ತಮ್ಮ."

ಕೆಮ್ಮು ಮೆತ್ತಗಾಯಿತು, ನಿದ್ದೆ ಬಂತು. ಮೂರನೇ ದಿನ ಮಾತ್ರ ವಾಸನೆ ಹೋಯಿತು. ಶುಂಠಿ ಮುರಿದು ಮೂಗಿಗೆ ಹಿಡಿದ. ಕಾಗದ ಹಿಡಿದ ಹಾಗಿತ್ತು. ಇಂಥ ಕಸುಬಿನವನಿಗೆ ಎದೆ ಧಸಕ್ಕೆನ್ನಬೇಕಿತ್ತು. ಏನೂ ಅನ್ನಿಸಲಿಲ್ಲ. ಶುಂಠಿಯನ್ನು ನೀರಿಗೆ ಹಾಕಿದ.

ಐದನೇ ದಿನ ಅಕ್ಕನ ಮಗಳ ಫೋನು. "ಮಾವ, ಅಮ್ಮಂಗೂ ಬಂದಿದೆ. ಯಂತ್ರ ತೊಂಬತ್ತೆರಡು ತೋರಿಸ್ತಿದೆ. ಆಸ್ಪತ್ರೆಗೆ ಹೋಗೋಣ ಅಂದ್ರೆ, ನನ್ನ ತಮ್ಮನ ಪುಡಿ ಇರೋವಾಗ ಆಸ್ಪತ್ರೆ ಯಾಕೆ ಅಂತಾಳೆ. ಏನು ಮಾಡ್ಲಿ?"

ನರ್ಸಮ್ಮ ಹೇಳಿದ್ದು ಅವನಿಗೆ ನೆನಪಿತ್ತು. ಆದರೂ ಅಕ್ಕ ತನ್ನ ಪುಡಿಯ ಮೇಲಿಟ್ಟ ನಂಬಿಕೆ ಕೇಳಿ ಒಳಗೊಳಗೇ ಉಬ್ಬಿದ.

"ಹಬೆ ಕೊಡು, ಬೆಚ್ಚಗೆ ಮಲಗಿಸು. ನಾಳೆ ನೋಡೋಣ," ಅಂದ.

ಮರುದಿನ ಎಂಬತ್ತೇಳು. ಈ ಸಲ ಅಕ್ಕನೇ ಮಾತಾಡಿದಳು, ಒಂದೊಂದು ಮಾತಿಗೂ ಉಸಿರೆಳೆದುಕೊಂಡು. "ಇನ್ನೊಂದು... ಲೋಟ ಕುಡೀಲಾ?"

"ಬೇಡ ಅಕ್ಕ. ಆಸ್ಪತ್ರೆಗೆ ಹೋಗು. ನನ್ನ ಪುಡಿ ಗಂಟಲ ತುರಿಕೆಗೆ, ಕೆಮ್ಮಿಗೆ. ಉಸಿರು ಕಟ್ಟೋದಕ್ಕೆ ಅಲ್ಲ."

"ಇಷ್ಟು ವರ್ಷ... ಹೇಳಲೇ ಇಲ್ಲವಲ್ಲೋ?"

"ಯಾರೂ ಕೇಳಲಿಲ್ಲ ಅಕ್ಕ."

ಅವಳು ಹೋದಳು. ಆಂಬುಲೆನ್ಸು ಅವನ ಬೀದಿಯ ಮೇಲೇ ಹಾದುಹೋಯಿತು. ಕಿಟಕಿಯಿಂದ ಕಂಡದ್ದು ಅದರ ಬಿಳಿ ಚಾವಣಿ ಮಾತ್ರ. ಐದು ದಿನ ಆಮ್ಲಜನಕದಲ್ಲಿದ್ದು ತೀರಿಕೊಂಡಳು.

ಅವನಿಗಿನ್ನೂ ಮೂರು ದಿನ ಹೊರಬರುವಂತಿರಲಿಲ್ಲ. ಕೊನೆಯ ದರ್ಶನ ಫೋನಿನಲ್ಲೇ ಆಯಿತು. ಅದೂ ನಡುನಡುವೆ ನಿಂತು ನಿಂತು. ಮೆಟ್ಟಿಲ ಕೆಳಗೆ ಹೆಂಡತಿ ಬಿಕ್ಕುತ್ತಿದ್ದಳು. "ರೀ, ಏನಾದ್ರೂ ಮಾತಾಡ್ರಿ." ಅವನು ಲೋಟ ತೊಳೆದು ಬೋರಲಿಟ್ಟ. "ನೀರು ಆರಿದೆ, ಬೇರೆ ಕಾಯಿಸಿಕೊಡು," ಅಂದ. ಹಾಗೆ ಅಂದದ್ದಕ್ಕೆ ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ.

ಹದಿನೈದನೇ ದಿನ ಅಕ್ಕನ ಮನೆಗೆ ನಡೆದ. ಮಗಳು ಹೊಲಿಗೆ ಯಂತ್ರದ ಪಕ್ಕ ಕೂತಿದ್ದಳು. ಅವನು ಎದುರಿಗೆ ಕೂತ.

"ಮಾವ, ಅವತ್ತು ನೀವು ನಾಳೆ ನೋಡೋಣ ಅಂದ್ರಿ."

"ಅಂದೆ."

"ಒಂದು ದಿನ ಮುಂಚೆ ಬಂದಿದ್ರೆ ಅಮ್ಮ ಉಳೀತಿದ್ಲಾ ಅಂತ ಡಾಕ್ಟರನ್ನ ಕೇಳಿದೆ. ಹೇಳೋಕಾಗಲ್ಲ ಅಂದ್ರು."

ಅವನು ತಲೆಯಾಡಿಸಿದ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎದ್ದು ಹೋಗಿ ಎರಡು ಚೀಲ ತಂದಳು. ಅಕ್ಕ ಹೊಲಿದಿಟ್ಟ ಒಂಬತ್ತು ಸಮವಸ್ತ್ರದ ಅಂಗಿ, ಗುಂಡಿ ಮಾತ್ರ ಬಾಕಿ. ಒಂದು ಸೂಜಿ ಅವನಿಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದಳು. ಅವನ ಗುಂಡಿಗಳು ಸೊಟ್ಟಗೆ ಬಂದವು. ಅವಳು ಎರಡನ್ನು ಬಿಚ್ಚಿ ಮತ್ತೆ ಹಾಕಿದಳು. ಸಂಜೆ ಅವನೇ ಮನೆಮನೆಗೆ ಒಯ್ದು ಕೊಟ್ಟ.

ಕೊನೆಯ ಮನೆಯ ಅಜ್ಜಿ ಮೊಮ್ಮಗನ ಅಂಗಿ ತೆಗೆದುಕೊಂಡು ಕೆಮ್ಮುತ್ತ ಕೇಳಿದಳು: "ನಾಳೆ ಅಂಗಡಿ ತೆಗೀತೀಯೇನಪ್ಪ? ಒಂದು ಪೊಟ್ಟಣ ಪುಡಿ ಬೇಕಿತ್ತು."

"ಕೊಡ್ತೀನಿ ಅಜ್ಜಿ. ಮೊದಲು ಹೇಳಿ, ಮೆಟ್ಟಿಲು ಹತ್ತುವಾಗ ಉಸಿರು ಹೇಗಿದೆ?"

ಅಜ್ಜಿ ಯೋಚಿಸತೊಡಗಿದಳು. ಅವನು ಬಾಗಿಲಲ್ಲೇ ನಿಂತು ಕಾದ.