ನಾಡಿವೈದ್ಯನ ಹಸಿರು ಬೋರ್ಡು

ಆಫೀಸಿನಲ್ಲಿ ಎಲ್ಲರೂ ಅವನನ್ನು ನಾಡಿವೈದ್ಯ ಎಂದೇ ಕರೆಯುತ್ತಿದ್ದರು. ಅವನಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ನೋಂದಣಿಗೊಂದು, ಟೋಕನ್ನಿಗೊಂದು, ಔಷಧಿಗೊಂದು ಎಂದು ಮೂವತ್ತೊಂದು ಬೇರೆ ಬೇರೆ ಸರ್ವಿಸ್‌ಗಳು. ಯಾವುದು ಕೆಟ್ಟು ಬಿತ್ತು, ಯಾವುದು ನಡೆಯುತ್ತಿದೆ ಎಂದು ನೋಡಿಕೊಳ್ಳುವುದು ಇವನ ಕೆಲಸ. ಅರ್ಧ ನಿಮಿಷಕ್ಕೊಮ್ಮೆ ಇವನ ಪ್ರೋಗ್ರಾಂ ಪ್ರತಿಯೊಂದನ್ನೂ 'ಇದ್ದೀಯಾ?' ಎಂದು ಕೇಳುತ್ತಿತ್ತು. 'ಇದ್ದೀನಿ' ಎಂದರೆ ಗೋಡೆಯ ದೊಡ್ಡ ಪರದೆಯಲ್ಲಿ ಹಸಿರು ಚೌಕ, ಸುಮ್ಮನಿದ್ದರೆ ಕೆಂಪು. ಒಂಬತ್ತು ವರ್ಷದಿಂದ ಆ ಗೋಡೆ, ಅದರ ಮೇಲಿನ ಚೌಕಗಳ ಬೋರ್ಡು ಇವನದೇ. ಬೆಳಿಗ್ಗೆ ಬಂದವನು ಚೀಲ ಇಡುವ ಮೊದಲು ಕರವಸ್ತ್ರದಿಂದ ಪರದೆಯ ಧೂಳು ಒರೆಸುತ್ತಿದ್ದ.

ಆ ಗೋಡೆಗೆ ಕುತ್ತು ತಂದವಳು ಅವನ ನಾದಿನಿ. ಅವಳಿಗೆ ಕೆಲಸ ಕೊಡಿಸಿದವನು ಇವನೇ. ಮ್ಯಾನೇಜರ್ ಮುಂದೆ "ನಮ್ಮ ಹುಡುಗಿ, ಬಲು ಚುರುಕು" ಎಂದು ಬಾಯಿ ತುಂಬ ಹೊಗಳಿದವನೂ ಇವನೇ. ಇಷ್ಟೊಂದು ಚುರುಕು ಎಂದು ಯಾರಿಗೆ ಗೊತ್ತಿತ್ತು?

"ಇದ್ದೀಯಾ ಅಂತ ಕೇಳಿದ್ರೆ ಸಾಲಲ್ಲ ಭಾವ, ಕೆಲಸ ಮಾಡಿ ತೋರಿಸು ಅನ್ಬೇಕು," ಎಂದಳು ಒಂದು ದಿನ. ಅವಳು ಬರೆದ ಪ್ರೋಗ್ರಾಂ, ಪರೀಕ್ಷೆಗೆಂದು ನಿಜವಾಗಿಯೂ ಒಂದು ಟೋಕನ್ ತೆಗೆಸಿ, ಮರುಕ್ಷಣ ರದ್ದು ಮಾಡುತ್ತಿತ್ತು. ಮ್ಯಾನೇಜರಿಗೆ ಅದು ಹಿಡಿಸಿಬಿಟ್ಟಿತು. ಗೋಡೆ ಇನ್ನು ಯಾರ ಬೋರ್ಡಿಗೆ ಎಂದು ಶುಕ್ರವಾರ ತೀರ್ಮಾನಿಸುವುದಾಗಿ ಹೇಳಿದರು.

ಅಂದಿನಿಂದ ನಾಡಿವೈದ್ಯನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಮನೆಯಲ್ಲಾದರೂ ನೆಮ್ಮದಿಯೇ? ಹೆಂಡತಿ ಬಡಿಸುತ್ತಾ "ನಮ್ಮ ಪುಟ್ಟಿ ಏನೋ ಹೊಸದು ಮಾಡಿದ್ದಾಳಂತಲ್ಲ" ಎಂದರೆ ಅರ್ಧ ಊಟಕ್ಕೇ ಕೈ ತೊಳೆದುಬಿಡುತ್ತಿದ್ದ. ಪುಟ್ಟಿಯ ಬೋರ್ಡು ಎರಡು ಸಲ ಸುಳ್ಳುಸುಳ್ಳೇ ಕೆಂಪಾದಾಗ ಅವನು ಆಫೀಸಿಗೆಲ್ಲ ಡಂಗುರ ಸಾರಿದ.

ಬುಧವಾರ ಹನ್ನೊಂದು ಗಂಟೆಗೆ ಅವಳು ಮೀಟಿಂಗಿಗೆ ಹೋಗಿದ್ದಳು. ಅವಳ ಮೇಜಿನ ಪರದೆಯಲ್ಲಿ ಟೋಕನ್ನಿನ ಚೌಕ ಕೆಂಪಾಗಿ ಅಲಾರಂ ಹೊಡೆದುಕೊಳ್ಳತೊಡಗಿತು. ಅವನು ಗೋಡೆ ನೋಡಿದ. ಹಸಿರೋ ಹಸಿರು. ಪರೀಕ್ಷಿಸಿ ನೋಡಬಹುದಿತ್ತು, ಎರಡು ನಿಮಿಷದ ಕೆಲಸ. ಆದರೆ ಅವಳು ಮತ್ತೆ ತಪ್ಪಿದ್ದಾಳೆ ಎಂಬ ಸಂತೋಷ ಅವನನ್ನು ಬಿಡಲಿಲ್ಲ. ಅಲಾರಂ ನಿಲ್ಲಿಸಿ, ಕಾರಣದ ಜಾಗದಲ್ಲಿ 'ಸುಳ್ಳು ಅಲಾರಂ, ಮೂರನೇ ಸಲ' ಎಂದು ಬರೆದು, ಚಹಾ ಕುಡಿದು ಬಂದ.

ಮುಕ್ಕಾಲು ಗಂಟೆಯ ಮೇಲೆ, ಅವಳು ಮೇಜಿನ ಮೇಲೆ ಬಿಟ್ಟುಹೋಗಿದ್ದ ಫೋನು ಬಡಿದುಕೊಂಡಿತು. 'ಅಕ್ಕ' ಎಂದಿತ್ತು. ತನ್ನ ಹೆಂಡತಿಯೇ ಅಲ್ಲವೇ ಎಂದು ಇವನು ಎತ್ತಿದ.

"ನೀವ್ಯಾಕೆ ಎತ್ತಿದ್ರಿ? ಪುಟ್ಟಿಗೆ ಕೊಡಿ. ಅಮ್ಮನ್ನ ಕಣ್ಣು ತೋರ್ಸೋಕೆ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದೀನಿ, ನಿಮ್ಮ ಕಂಪನಿ ಟೋಕನ್ನೇ ಬರ್ತಿಲ್ಲ. ನೂರು ಜನ ನಿಂತಿದ್ದಾರೆ."

"ನನ್ನ ಬೋರ್ಡಲ್ಲಿ ಹಸಿರೇ ಇದೆಯಲ್ಲೇ!"

"ನಿಮ್ಮ ಹಸಿರು ಕಟ್ಕೊಂಡು ನಾನೇನು ಮಾಡ್ಲಿ? ಅಮ್ಮ ನೆಲದ ಮೇಲೆ ಕೂತಿದ್ದಾಳೆ. ಪುಟ್ಟಿಗೆ ಕೊಡಿ ಅಂದ್ನಲ್ಲ."

ಕಟ್ಟಿಕೊಂಡ ಹೆಂಡತಿ ತನ್ನನ್ನು ಬಿಟ್ಟು ತಂಗಿಯನ್ನು ಕೇಳುತ್ತಿದ್ದಾಳೆ. ಅತ್ತೆ ನೆಲದ ಮೇಲೆ ಕೂತಿದ್ದಕ್ಕಿಂತ ಮೊದಲು ಅವನನ್ನು ಚುಚ್ಚಿದ್ದು ಅದು. ಆಮೇಲೆ ಅದಕ್ಕೇ ನಾಚಿಕೆಯಾಯಿತು. ಫೋನು ಹಿಡಿದು ಮೀಟಿಂಗಿಗೆ ಓಡಿದ.

ನಾದಿನಿ ಹತ್ತು ನಿಮಿಷದಲ್ಲಿ ಸರಿಮಾಡಿದಳು. ಕಂಪ್ಯೂಟರಿನಲ್ಲಿ ಟೋಕನ್‌ಗಳನ್ನು ಬರೆದಿಡುವ ಜಾಗ ತುಂಬಿಹೋಗಿತ್ತು. ಸರ್ವಿಸ್ ಒಂದೂ ಟೋಕನ್ ಕೊಡುತ್ತಿರಲಿಲ್ಲ; ಇದ್ದೀಯಾ ಎಂದರೆ ಮಾತ್ರ ತಪ್ಪದೆ ಇದ್ದೀನಿ ಎನ್ನುತ್ತಿತ್ತು.

ಸಂಜೆ ಅವಳು ಮ್ಯಾನೇಜರಿಗೆ ಕಳಿಸುವ ವರದಿಯನ್ನು ಅವನ ಮುಂದಿಟ್ಟಳು. ಎಲ್ಲ ತುಂಬಿದ್ದಳು, 'ಅಲಾರಂ ನಿಲ್ಲಿಸಿದವರು' ಎಂಬ ಸಾಲೊಂದನ್ನು ಬಿಟ್ಟು. ಅವಳಿಗೆ ಗೊತ್ತಿತ್ತು, ಗೊತ್ತಿದೆ ಎಂದು ಅವನಿಗೂ ಗೊತ್ತಾಯಿತು.

"ಅದೊಂದು ನೀವೇ ಬರ್ದ್ಬಿಡಿ ಭಾವ," ಎಂದಳು.

ಅವನು ತನ್ನ ಹೆಸರು ಬರೆದ. ಆಮೇಲೆ ಶುಕ್ರವಾರಕ್ಕೂ ಕಾಯದೆ ಗೋಡೆಯಿಂದ ತನ್ನ ಬೋರ್ಡು ತೆಗೆಯಲು ಎದ್ದ.

"ತೆಗೀಬೇಡಿ, ಪಕ್ಕದಲ್ಲಿ ಅದೂ ಇರ್ಲಿ. ನಾನು ಕೆಲಸ ಕಲ್ತಿದ್ದು ಅದನ್ನ ನೋಡ್ಕೊಂಡೇ ಅಲ್ವಾ?"

ಅವಳು ಒಂದೇ ಒಂದು ಕೊಂಕು ಮಾತಾಡಿದ್ದರೂ ಅವನಿಗೆ ಅಂದು ಊಟ ಸೇರುತ್ತಿತ್ತು. ಒಳ್ಳೆಯತನದಲ್ಲೂ ಅವಳೇ ಮುಂದೆ!