ಆಯುಧಪೂಜೆಗೆ ತೊಳೆದ ಲೇತು

“ದೊಡ್ಡಮ್ಮ, ಇದ್ರ ಹೆಸ್ರು ಲೇತು. ಕಬ್ಬಿಣಾನ ತಿರುಗ್ಸಿ ಉಳಿ ಹಿಡ್ದು ಕೆತ್ತೋ ಮಿಷನ್ನು. ಡ್ಯಾಮಿನ ವರ್ಕ್‌ಶಾಪಲ್ಲಿ ಇದ್ರ ಮುಂದೇನೇ ನಿಂತು ಕೆಲ್ಸ ಕಲ್ತೆ. ಡ್ಯಾಮು ಮುಗೀತು, ಇದನ್ನ ಗುಜರಿಗೆ ಹಾಕಿದ್ರು, ನಂಗೂ ಮನೆಗೆ ಹೋಗು ಅಂದ್ರು. ಗೇಣಿ ಗದ್ದೆ ಆಗ್ಲೇ ನೀರಡಿ ಹೋಗಿತ್ತು. ಬಯಲುಸೀಮೇಲಿ ಇನ್ನೊಂದು ಡ್ಯಾಮು ಕಟ್ತಾರಂತೆ, ಬಾ ಅಂತ ಮೇಸ್ತ್ರಿ ಕರೀತಾನೆ. ಗುತ್ಯಮ್ಮ ಒಲ್ಲೆ ಅಂತಾಳೆ. ಒಂದ್ಸಲ ಕಿತ್ಕಂಡು ಬಂದಿದ್ದೇ ಸಾಕು ಅಂತಾಳೆ. ಇದೊಂದು ನೆಟ್ಟಗೆ ತಿರುಗ್ತು ಅಂದ್ರೆ ನಾನೆಲ್ಲಿಗೂ ಹೋಗದು ಬ್ಯಾಡ.”

ಇಕ್ಕೇರಿ ಹತ್ತಿರದ ನಮ್ಮ ಊರಿಗೆ ಬಂದು ನೆಲೆಸಿದ ಹೂವಪ್ಪ, ತನ್ನ ಕಟ್ಟಿಗೆ ಇಡುವ ಮಾಡಿನಲ್ಲಿ ಕೂತು ನನಗೆ ಹೇಳಿದ ಮಾತು ಇದು. ಗುತ್ಯಮ್ಮ ಅವನ ಹೆಂಡತಿ. ನಮ್ಮದು ಪಕ್ಕದ ಮನೆ.

ಗುಜರಿಯಿಂದ ಕೊಂಡು ಗಾಡಿಯಲ್ಲಿ ತಂದಿಳಿಸಿದಾಗ ಲೇತು ಬರೀ ತುಕ್ಕಿನ ರಾಶಿ. ಎದುರು ಮನೆಯ ಬೆಳ್ಳಪ್ಪ ದಿನಾ ಬಂದು, “ಏನೋ ಹೂವಪ್ಪ, ನಿನ್ನ ಕಬ್ಬಿಣದ ಎಮ್ಮೆ ಯಾವಾಗ ಕರು ಹಾಕುತ್ತೋ?” ಎಂದು ಕೆಣಕುತ್ತಿದ್ದ. ಹೂವಪ್ಪ ನಕ್ಕು ಸೀಮೆಎಣ್ಣೆಯಲ್ಲಿ ಹಲ್ಲಿನ ಚಕ್ರಗಳನ್ನು ಒಂದೊಂದಾಗಿ ನೆನೆಸಿ ಉಜ್ಜುತ್ತಿದ್ದ. ಊರಿಗೆ ಕರೆಂಟು ಬಂದಿರಲಿಲ್ಲ. ಗಾಡಿಯ ಚಕ್ರಕ್ಕೆ ಹಿಡಿಕೆ ಹಾಕಿ, ಅದಕ್ಕೂ ಲೇತಿಗೂ ಪಟ್ಟಿ ಬಿಗಿದ. ಚಕ್ರ ತಿರುಗಿಸುವುದು ಗುತ್ಯಮ್ಮನ ಕೆಲಸ.

ಲೇತಿನ ನಡುದಂಡ ಕೂತು ತಿರುಗುವ ಬಳೆ ಪೂರ್ತಿ ಸವೆದಿತ್ತು. ಹೊಸದನ್ನು ಎರಕ ಹೊಯ್ಯಲು ಕಂಚು ಬೇಕು. ಗುತ್ಯಮ್ಮ ತವರಿನ ಕಂಚಿನ ಗಂಗಾಳವನ್ನು ತಾನಾಗಿಯೇ ತಂದಿಟ್ಟಳು. ಮುಳುಗಿದ ಊರಿನಿಂದ ಅವಳು ಉಳಿಸಿಕೊಂಡು ಬಂದಿದ್ದು ಅದೊಂದೇ. ಹೂವಪ್ಪ ಅದನ್ನು ಕರಗಿಸಿ ಹೊಸ ಬಳೆ ಎರೆದು ಕೂರಿಸಿದ.

ಸಾಗರದ ಅಕ್ಕಿ ಗಿರಣಿಯ ಸಾಹುಕಾರರು ಆಯುಧಪೂಜೆಯ ದಿನ ಬಂದು ನೋಡುತ್ತೇನೆ, ಲೇತು ಸರಿಯಾಗಿ ತಿರುಗಿದರೆ ಗಿರಣಿಯ ಕೆಲಸವೆಲ್ಲ ನಿನಗೇ ಎಂದಿದ್ದರು. ಹೊಸ ಡ್ಯಾಮಿಗೆ ಮೇಸ್ತ್ರಿಯ ಲಾರಿ ಹೊರಡುವುದು ಹಬ್ಬದ ಮರುದಿನ.

ಹಬ್ಬದ ಹಿಂದಿನ ದಿನ ಹೂವಪ್ಪ ಹೂವು, ಬೂದುಗುಂಬಳ ತರಲು ಪೇಟೆಗೆ ಹೋದ. ಪೂಜೆಗೆ ಕತ್ತಿ, ಗುದ್ದಲಿ ತೊಳೆಯುತ್ತಿದ್ದ ಗುತ್ಯಮ್ಮ ಲೇತನ್ನೂ ತೊಳೆದಳು. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದಳು. ಬಳೆಗೆ ಎಣ್ಣೆ ಬಿಡುವ ತೂತುಗಳಿಗೂ ಬೆರಳು ಹಾಕಿ ಉಜ್ಜಿ, ಮೇಲಿಂದ ಕೊಡಗಟ್ಟಲೆ ನೀರು ಹೊಯ್ದಳು. ಹೂವಪ್ಪ ಬರುವಾಗ ಕತ್ತಲಾಗಿತ್ತು. ಬೆಳಿಗ್ಗೆ ಅವನು ನೋಡುವಷ್ಟರಲ್ಲಿ ಲೇತಿನ ತುಂಬ ಮಾವಿನೆಲೆ, ಸೇವಂತಿಗೆ.

ಪೂಜೆ ಆಯಿತು. ಹೇಳಿದಂತೆ ಬಂದ ಸಾಹುಕಾರರು ನೋಡುತ್ತ ನಿಂತಿದ್ದರು. ಹೂವಪ್ಪ ತೂತಿಗೆ ಎಣ್ಣೆ ಬಿಟ್ಟ, ಗುತ್ಯಮ್ಮ ಚಕ್ರ ತಿರುಗಿಸಿದಳು. ಮೊದಲು ಚೆಂದಾಗಿ ತಿರುಗಿತು. ಆಮೇಲೆ ಅನ್ನದಲ್ಲಿ ಕಲ್ಲು ಸಿಕ್ಕಿದಂಥ ಸದ್ದು. ಏನೋ ಬಿಗಿಯಾಯಿತೆಂದು ಅವಳು ಇನ್ನೂ ಜೋರಾಗಿ ಎಳೆದಳು. ದಂಡ ಕಚ್ಚಿಕೊಂಡು ನಿಂತೇಬಿಟ್ಟಿತು. ಸಾಹುಕಾರರು ಕೊಡೆ ಬಿಚ್ಚಿ ಹೊರಟರು.

ಹೂವಪ್ಪ ಬಿಚ್ಚಿ ನೋಡಿದ. ಕಂಚೆಲ್ಲ ಕೆರೆದುಹೋಗಿತ್ತು, ದಂಡದ ಮೇಲೂ ಆಳದ ಗೀರು. ಆ ದಂಡವನ್ನು ಸರಿಮಾಡಲು ಇನ್ನೊಂದು ಲೇತೇ ಬೇಕು. ಎಣ್ಣೆಯ ಜೊತೆ ಬೆರಳಿಗೆ ಹತ್ತಿದ ಕೆಂಪು ಇಟ್ಟಿಗೆ ಹುಡಿಯನ್ನು ತಿಕ್ಕಿ ನೋಡಿ, ಯಾರು ತೊಳೆದದ್ದು ಎಂದು ಕೇಳಿದ.

“ನಾನೇಯ. ಹಬ್ಬದ ದಿನ ಕೊಳೆ ಹಂಗೇ ಇಟ್ಟು ಪೂಜೆ ಮಾಡಕ್ಕಾಗ್ತದಾ?” ಎಂದಳು ಗುತ್ಯಮ್ಮ. ಏನಾಯಿತೆಂದು ಅವಳಿಗಿನ್ನೂ ತಿಳಿದಿರಲಿಲ್ಲ.

ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡು, “ಚಂದಾಗೇ ತೊಳ್ದಿದೀಯ ಮಾರಾಯ್ತಿ” ಎಂದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಿಗ್ಗೆ ಹೂವಪ್ಪ ಒಬ್ಬನೇ ಕಂಬಳಿ ಸುತ್ತಿಕೊಂಡು ಮೇಸ್ತ್ರಿಯ ಲಾರಿ ಹತ್ತಿದ. ನಾನು ಹೋದಾಗ ಗುತ್ಯಮ್ಮ ಕೊಟ್ಟಿಗೆಯಲ್ಲಿದ್ದಳು. ಸಗಣಿ ಬಾಚಿ ಗೊಬ್ಬರದ ಗುಂಡಿಗೆ ಹಾಕಿ ಬಂದು, ಹೆಡಿಗೆಯಲ್ಲಿದ್ದ ಒಣಗಿದ ಎಲೆಗಳನ್ನು ದನದ ಕಾಲಡಿಗೆ ಹಾಸತೊಡಗಿದಳು.